ಹೊರಗಿದ್ದಂಗ

ಕಿವಿಗೆ ಮೊದಲ ಸಲ ಮಶೀನು ಹಾಕಿಸಿಕೊಂಡವರು ಎಲ್ಲಕ್ಕಿಂತ ಮೊದಲು ಬೆಚ್ಚಿಬೀಳುವುದು ತಮ್ಮದೇ ದನಿಗೆ. ಇದು ನನ್ನದಲ್ಲ, ಯಾರೋ ನನ್ನ ಬಾಯೊಳಗೆ ಕೂತು ಮಾತಾಡುತ್ತಿದ್ದಾರೆ ಎಂದು ಮಶೀನನ್ನು ಕಿತ್ತು ಕೈಗೆ ಕೊಡುವವರೂ ಇದ್ದಾರೆ. ಪುಣೆ ಕ್ಯಾಂಪಿನಲ್ಲಿ ಹಳೆಯ ಬೇಕರಿಯೊಂದರ ಮೇಲಿನ ಮಹಡಿಯಲ್ಲಿ ಕಿವಿ ಪರೀಕ್ಷಿಸುವ ಸಣ್ಣ ಕ್ಲಿನಿಕ್ಕಿದೆ. ಇಂಥವರಿಗೆ ಸಮಾಧಾನ ಹೇಳುವ ಕೆಲಸ ಅಲ್ಲಿನ ಅನುಜಾ ಗಲಗಲಿಯದು. ಮರಾಠಿಯವರಿಗೆ ಮರಾಠಿಯಲ್ಲಿ, ಹಿಂದಿಯವರಿಗೆ ಹಿಂದಿಯಲ್ಲಿ, ಆಗೀಗ ಬರುವ ನಮ್ಮ ಕಡೆಯವರಿಗೆ ಕನ್ನಡದಲ್ಲಿ ಅವಳು ಹೇಳುವುದು ಒಂದೇ ಮಾತು: "ಸ್ವಲ್ಪ ದಿವಸ ಬ್ಯಾರೆಯವ್ರದ ಅನಸ್ತದರಿ. ಮಾತಾಡಕೋತ ಇರ್ರಿ. ಆಮ್ಯಾಲೆ ನಿಮ್ಮದ ಆಗ್ತದ." ಹೇಳಿ ಹೇಳಿ ಅದು ಅವಳಿಗೆ ಬಾಯಿಪಾಠವಾಗಿತ್ತು. ಅದರೊಳಗೆ ಏನಿದೆ ಎಂದು ಅವಳು ಎಂದೂ ಇಣುಕಿ ನೋಡಿರಲಿಲ್ಲ.

ಅನುಜಾ ಧಾರವಾಡದಿಂದ ಮದುವೆಯಾಗಿ ಬಂದವಳು. ಗಂಡ ಶ್ಯಾಮ ಪುಣೆಯಲ್ಲೇ ಹುಟ್ಟಿ, ಪುಣೆಯಲ್ಲೇ ಬೆಳೆದು, ಇಂದಿಗೂ ತನ್ನನ್ನು ಧಾರವಾಡದವನೆಂದೇ ಹೇಳಿಕೊಳ್ಳುವ ಜಾತಿಯವನು. ಚಾಕಣದ ಗೇರ್ ಕಾರ್ಖಾನೆಗೆ ಬೆಳಿಗ್ಗೆ ಕಂಪನಿ ಬಸ್ಸು ಹತ್ತಿದರೆ ದೀಪ ಹಚ್ಚಿದ ಮೇಲೆ ಮನೆಗೆ ಬರುತ್ತಿದ್ದ. ಮಗಳು ಕೇತಕಿ ಶಾಲೆಯಲ್ಲಿ ಒಂದನೇ ಇಯತ್ತೆ. ಕರ್ವೆನಗರದ ಆ ಫ್ಲ್ಯಾಟಿನ ಆಡಳಿತವೆಲ್ಲ ಶ್ಯಾಮನ ತಾಯಿ ಗೋದಾಬಾಯಿಯ ಕೈಯಲ್ಲಿತ್ತು.

ಗೋದಾಬಾಯಿಗೆ ಕಿವಿ ಮಂದ. ಸೊಸೆ ಊರಿಗೆಲ್ಲ ಕಿವಿ ಕೊಡುತ್ತಾಳೆ, ಅತ್ತೆ ಮಾತ್ರ ಮಶೀನು ಬೇಡವೆಂದರೆ ಬೇಡ. ತಾನು ಕೇಳಬೇಕಾದದ್ದು ತನಗೆ ಕೇಳುತ್ತದೆ ಎಂಬುದು ಆಕೆಯ ವಾದ. ನಿಜವೆಂದರೆ ಆ ಕಿವಿ ವಾಕ್ಯದ ತಲೆಯನ್ನಷ್ಟೇ ಹಿಡಿಯುತ್ತಿತ್ತು. ಬಾಲವನ್ನು ಆಕೆ ತನ್ನ ಕೈಯಿಂದ ಹಾಕಿಕೊಳ್ಳುತ್ತಿದ್ದಳು. ಎಷ್ಟೋ ಸಲ ಆಡಿದವರ ಬಾಲಕ್ಕಿಂತ ಆಕೆ ಹಾಕಿದ ಬಾಲವೇ ಚೆನ್ನಾಗಿರುತ್ತಿತ್ತು, ಆ ಮಾತು ಬೇರೆ.

ಮಡಿಯಲ್ಲಿಯೂ ಆಕೆ ಬಿಗಿ. ಆ ಮನೆಗಳಲ್ಲಿ ಹೆಂಗಸಿಗೆ ತಿಂಗಳ ಮುಟ್ಟು ಬಂದರೆ "ಹೊರಗಾದಳು" ಎನ್ನುತ್ತಾರೆ. ಧಾರವಾಡದ ಹಳೆಯ ಮನೆಯಲ್ಲಿ ಹೊರಗೆ ಎಂದರೆ ನಿಜವಾಗಿಯೂ ಹೊರಗೆ, ಪಡಸಾಲೆಯ ಮೂಲೆಯೊಂದು ಅದಕ್ಕೆಂದೇ ಇತ್ತು. ಕರ್ವೆನಗರದ ಮೂರನೇ ಮಹಡಿಯಲ್ಲಿ ಹೊರಗೆ ಎಂದರೆ ಎಲ್ಲಿ? ಲಿಫ್ಟಿನಲ್ಲಿ ಕೂತಿರಲಾದೀತೇ? ಹಾಗಾಗಿ ನಿಯಮ ಸವೆದು ಸವೆದು ಎರಡಕ್ಕೆ ಬಂದು ನಿಂತಿತ್ತು: ದೇವರ ಮಾಡವನ್ನು ಮುಟ್ಟಬಾರದು, ಉಪ್ಪಿನಕಾಯಿ ಭರಣಿಯನ್ನು ಮುಟ್ಟಬಾರದು. ನಾಲ್ಕನೆಯ ದಿನ ತಲೆಗೆ ಎರೆದುಕೊಂಡು ಬಂದಾಗ ಗೋದಾಬಾಯಿ ಅಡುಗೆಮನೆಯ ಬಾಗಿಲಲ್ಲಿ ನಿಂತು "ಒಳಗ ಬಾ" ಎನ್ನಬೇಕು. ಅಲ್ಲಿಗೆ ಮುಗಿಯಿತು. ಶ್ಯಾಮ ಇದನ್ನೆಲ್ಲ ನಿಲ್ಲಿಸೆಂದು ತಾಯಿಯ ಮೇಲೆ ರೇಗುತ್ತಿದ್ದ. ಅನುಜಾ ಒಪ್ಪಲೂ ಇಲ್ಲ, ಜಗಳಕ್ಕೂ ಹೋಗಲಿಲ್ಲ. ಬೇರೆ ಯಾರಾದರೂ ಚಹಾ ಮಾಡಿ ಕೊಡುವ ದಿನಗಳನ್ನು ಯಾವ ಹೆಂಗಸು ಬಿಟ್ಟುಕೊಟ್ಟಾಳು?

ಆ ಮಳೆಗಾಲದಲ್ಲಿ ಅವಳಿಗೆ ಡೆಂಗ್ಯೂ ಬಂತು. ಜ್ವರ ಇಳಿಯಿತು, ನಿದ್ದೆ ಮಾತ್ರ ತಿರುಗಿ ಬರಲಿಲ್ಲ. ಕೆಲಸಕ್ಕೆ ಮರಳಿದ ಮೇಲೆ ಒಂದು ಬೆಳಿಗ್ಗೆ, ಪುಣೆಯ ಹೆಣ್ಣುಮಕ್ಕಳೆಲ್ಲ ಕಟ್ಟಿಕೊಳ್ಳುವಂತೆ ಮುಖಕ್ಕೆ ಓಢಣಿ ಕಟ್ಟಿಕೊಂಡು, ಮ್ಹಾತ್ರೆ ಸೇತುವೆಯ ಹತ್ತಿರ ಸಿಗ್ನಲ್ಲಿನಲ್ಲಿ ಸ್ಕೂಟರ್ ನಿಲ್ಲಿಸಿದ್ದಳು. ಯಾರೋ ಲೋಕದ ದನಿಯನ್ನು ಸಣ್ಣಗೆ ಮಾಡಿದಂತಾಯಿತು. ರಿಕ್ಷಾ, ಬಸ್ಸು, ಹೂವಿನ ಗಾಡಿ, ಎಲ್ಲ ಇದ್ದಲ್ಲೇ ಇದ್ದವು. ಆದರೆ ಕ್ಯಾಲೆಂಡರಿನ ಚಿತ್ರದಂತೆ ಚಪ್ಪಟೆಯಾಗಿದ್ದವು. ಬ್ರೇಕಿನ ಮೇಲೆ ಒಂದು ಕೈ ಇತ್ತು. ಅದರ ಉಗುರಿಗೆ ಹಿಂದಿನ ದಿನ ಕೇತಕಿ ಸೊಟ್ಟಸೊಟ್ಟಗೆ ಬಣ್ಣ ಬಳಿದಿದ್ದಳು. ಅದು ತನ್ನ ಕೈ ಎಂದು ಅನುಜಾಗೆ ಗೊತ್ತಿತ್ತು. ಗೊತ್ತಿತ್ತು, ಅಷ್ಟೇ. ಸಿಗ್ನಲ್ ಹಸಿರಾಯಿತು, ಕೈ ತಾನೇ ಎಕ್ಸಲರೇಟರ್ ತಿರುಗಿಸಿತು, ಸ್ಕೂಟರ್ ಹೊರಟಿತು. ಅವಳು ಎಲ್ಲೋ ಹಿಂದೆ, ಸ್ವಲ್ಪ ಮೇಲೆ ಉಳಿದಂತೆ ಅದನ್ನು ನೋಡುತ್ತಿದ್ದಳು.

ಆ ದಿನ ಆ ಕೈಗಳು ಕ್ಲಿನಿಕ್ಕಿನ ಬೀಗ ತೆಗೆದವು, ಬಂದವರ ಕಿವಿ ಪರೀಕ್ಷಿಸಿದವು, ಒಂದು ತಪ್ಪಿಲ್ಲದೆ ವರದಿ ಬರೆದವು. ಆ ಬಾಯಿ ತನ್ನ ಬಾಯಿಪಾಠದ ಮಾತನ್ನು ಮೂರು ಭಾಷೆಗಳಲ್ಲಿ ಹೇಳಿತು. ಯಾರಿಗೂ ಏನೂ ಗೊತ್ತಾಗಲಿಲ್ಲ. ಅವಳಿಗೆ ಹೆದರಿಕೆಯಾಯಿತು, ನಿಜ. ಆದರೆ ಹೆದರಿಕೆಗಿಂತ ದೊಡ್ಡದಾಗಿದ್ದುದು ಬೆರಗು. ತಾನಿಲ್ಲದೆಯೂ ತನ್ನ ಬದುಕು ಇಷ್ಟು ಸಲೀಸಾಗಿ ನಡೆಯುವುದಾದರೆ, ಇಷ್ಟು ದಿನ ಒಳಗೆ ಕೂತು ತಾನು ಮಾಡುತ್ತಿದ್ದುದಾದರೂ ಏನು?

ಗುಡಿಯ ಮುಂದೆ ನೂರು ಜೊತೆ ಚಪ್ಪಲಿಗಳ ನಡುವೆ ಕಾಲು ನೋಡದೆ ತನ್ನ ಚಪ್ಪಲಿಯೊಳಗೆ ಹೋಗಿ ಸೇರುತ್ತದೆ. ನಾವು ಯಾರೂ ನಿಂತು ಆಶ್ಚರ್ಯಪಡುವುದಿಲ್ಲ. ಬೆಳಿಗ್ಗೆ ಕಣ್ಣು ಬಿಟ್ಟ ಕೂಡಲೇ ಇದು ನನ್ನ ಮೈ, ಇದು ನನ್ನ ಮನೆ ಎಂದು ಒಳಗಿನಿಂದ ಒಂದು ಸಾಕ್ಷಿ ಬರುತ್ತದಲ್ಲ, ಅದು ಎಲ್ಲಿಂದ ಬರುತ್ತದೆ, ಯಾರು ಕಳಿಸುತ್ತಾರೆ ಎಂದು ಕೇಳುವ ಪ್ರಸಂಗವೇ ನಮಗೆ ಬರುವುದಿಲ್ಲ. ಅನುಜಾಗೆ ಬಂತು, ಏಕೆಂದರೆ ಅವಳಿಗೆ ಆ ಸಾಕ್ಷಿ ಬರುವುದು ನಿಂತಿತ್ತು.

ಮೊದಮೊದಲು ಈ ದೂರ ಉಳಿದಂಥ ಭಾವ ಬಂದು ಹೋಗುತ್ತಿತ್ತು. ಆಮೇಲೆ ಬಂದರೆ ದಿನಗಟ್ಟಲೆ ಇರತೊಡಗಿತು. ಕನ್ನಡಿಯಲ್ಲಿ ಕಂಡವಳಿಗೆ ನಮಸ್ಕಾರ ಹೇಳಬೇಕೆನಿಸುತ್ತಿತ್ತು. ಧಾರವಾಡದಿಂದ ತಾಯಿ ಫೋನು ಮಾಡಿ "ಆರಾಮ ಅದೀಯೇನು?" ಎಂದು ಕೇಳಿದರೆ, "ಆರಾಮ ಅದೀನಿ" ಎಂದು ಬಾಯಿ ಉತ್ತರ ಕೊಟ್ಟುಬಿಡುತ್ತಿತ್ತು. ಆರಾಮದ ಮಾತು ಹಾಗಿರಲಿ, "ಅದೀನಿ" ಎಂಬ ಸಣ್ಣ ಮಾತೇ ಸುಳ್ಳು ಹೇಳಿದಂತೆ ಅವಳಿಗೆ ಚುಚ್ಚುತ್ತಿತ್ತು.

ಅವಳು ಯಾರಿಗೂ ಹೇಳಲಿಲ್ಲ. ಹೇಳಿದರೆ ಹುಚ್ಚು ಎಂದಾರೆಂಬ ಭಯ ಇದ್ದೇ ಇತ್ತು. ಅದಕ್ಕಿಂತ ದೊಡ್ಡ ಭಯ ಕೇತಕಿಯ ಕುರಿತಾದದ್ದು. ಮಗಳ ಕಿವಿಯ ಹಿಂದಿನ ಮಚ್ಚೆ ಅವಳಿಗೆ ಗೊತ್ತಿತ್ತು, ಯಾವ ಪಲ್ಯಕ್ಕೆ ಮುಖ ತಿರುವುತ್ತಾಳೆ ಎಂಬುದು ಗೊತ್ತಿತ್ತು. ಪ್ರೀತಿ ಇರಬೇಕಾದ ಜಾಗ ಮಾತ್ರ, ಹಲ್ಲಿನ ಡಾಕ್ಟರು ಸೂಜಿ ಚುಚ್ಚಿದ ಮೇಲೆ ವಸಡು ಆಗುತ್ತದಲ್ಲ, ಹಾಗೆ ಮರಗಟ್ಟಿತ್ತು. ಅಲ್ಲಿ ಅದು ಇದೆಯೆಂದು ಗೊತ್ತು, ಒತ್ತಿದರೆ ಏನೂ ಇಲ್ಲ. ಅದು ಎಂದಾದರೂ ತಿರುಗಿ ಬಂದೀತೇ? ಬರುವ ಮೊದಲು ಮಗುವಿಗೆ ತಿಳಿದುಹೋದರೆ? ಅವಳ ಹಗಲು ಇರುಳು ಈ ಎರಡು ಪ್ರಶ್ನೆಗಳಲ್ಲಿ ಕಳೆಯುತ್ತಿದ್ದವು.

ತಿಳಿಯಿತು. ಒಂದು ಮಧ್ಯಾಹ್ನ ಶಾಲೆಯ ಗೇಟಿನಲ್ಲಿ ಅವಳು ಕಾಯುತ್ತಿದ್ದಳು. ಗಂಟೆಯಾಯಿತು. ಒಂದೇ ಬಣ್ಣದ ಫ್ರಾಕು ತೊಟ್ಟ ಹುಡುಗಿಯರು ಗುಂಪುಗುಂಪಾಗಿ ಹೊರಬಂದರು. ಅವಳು ಎಲ್ಲರನ್ನೂ ನೋಡಿದಳು; ಎಲ್ಲರೂ ಒಂದೇ ಎನಿಸಿದರು. ಅವರಲ್ಲೊಬ್ಬಳು ಎದುರಿಗೆ ಬಂದು ನಿಂತು "ಅಮ್ಮಾ" ಎಂದಳು. ಅದು ಕೇತಕಿ ಎಂದು ಅನುಜಾಗೆ ತಕ್ಷಣ ಗೊತ್ತಾಯಿತು. ಆದರೆ ಮುಖದಲ್ಲಿ ನಗು ತರಿಸಲು ಒಂದು ಗಳಿಗೆ ತಡವಾಯಿತು. ಮಕ್ಕಳ ಕಣ್ಣಿಗೆ ಒಂದು ಗಳಿಗೆ ಬಹಳ ದೊಡ್ಡದು. ಕೇತಕಿ ತಲೆಯೆತ್ತಿ ಅವಳನ್ನೇ ದಿಟ್ಟಿಸಿದಳು.

"ನೀ ನನ್ನ ಅಮ್ಮನೇ ಹೌದಲ್ಲ?" ಎಂದು ಕೇಳಿದಳು.

ಬಾಯಿ ಹೌದೆಂದಿತು. ದಾರಿಯುದ್ದಕ್ಕೂ ಮಗು ಎಂದಿನಂತೆ ಅವಳ ಸೊಂಟ ತಬ್ಬಿಕೊಳ್ಳದೆ ಸ್ಕೂಟರ್ ಸೀಟಿನ ಹಿಡಿಕೆಯನ್ನು ಹಿಡಿದುಕೊಂಡು ಕೂತಿತ್ತು.

ಅಂದು ಮನೆಗೆ ಬಂದವಳೇ ಅನುಜಾ ಅಡುಗೆಮನೆಯ ಬಾಗಿಲಿಗೆ ಹೋಗಿ ನಿಂತಳು. ಹೇಳದೆ ಗತಿಯಿರಲಿಲ್ಲ, ಹೇಳಿಕೊಳ್ಳಲು ಮನೆಯಲ್ಲಿ ಇದ್ದವಳು ಅತ್ತೆಯೊಬ್ಬಳೇ. ಇದಕ್ಕೆ ಶಬ್ದ ಯಾವುದು? ಅವಳು ಹುಡುಕಿ ಹುಡುಕಿ, ಇದ್ದುದನ್ನು ಇದ್ದಂತೆ ಹೇಳಿದಳು.

"ಅತ್ತಿ, ನಾ ಹೊರಗಿದ್ದಂಗ ಅನಸ್ತದ."

ಗೋದಾಬಾಯಿಯ ಕಿವಿ ತಲೆಯನ್ನು ಹಿಡಿಯಿತು, ಬಾಲವನ್ನು ಬಿಟ್ಟಿತು. ಹೊರಗೆ! ಹಾಗಾದರೆ ಭರಣಿ ಮುಟ್ಟಬೇಡ, ಚಹಾ ನಾನು ಮಾಡುತ್ತೇನೆ, ನೀನು ಹೋಗಿ ಅಡ್ಡಾಗು ಎಂದಳು. ಎದೆಯೊಡೆದು ತೆಗೆದ ಮಾತಿಗೆ ಸಿಕ್ಕಿದ್ದು ಒಂದು ಕಪ್ ಚಹಾ. ಅನುಜಾಗೆ ನಗು ಬಂತು, ತಾನು ನಗುತ್ತಿರುವುದು ದೂರದಿಂದ ಕಂಡಿತು. ಅವಳು ತಿದ್ದಲು ಹೋಗಲಿಲ್ಲ. ಹೋಗಿ ಮಲಗಿದಳು.

ಅಲ್ಲಿಂದ ಮುಂದೆ ಅದೊಂದು ಸವಲತ್ತಾಯಿತು. ಅದು ಬಂದಾಗಲೆಲ್ಲ ಅವಳು ಬಾಗಿಲಲ್ಲಿ ನಿಂತು ಅದೇ ಮಾತು ಹೇಳುವಳು, ಅತ್ತೆ ಅದೇ ಚಹಾ ಕೊಡುವಳು. ಆದರೆ ಗೋದಾಬಾಯಿಗೆ ಕಿವಿ ಮಂದವೇ ಹೊರತು ಲೆಕ್ಕ ಮಂದವಲ್ಲ. ವಾರ ತಿರುಗುವುದರೊಳಗೆ ಮತ್ತೆ ಹೊರಗೆ, ನಡುವೆ ನಾಲ್ಕು ದಿನ ಬಿಟ್ಟು ಮತ್ತೆ ಹೊರಗೆ! ಡೆಂಗ್ಯೂದಲ್ಲಿ ರಕ್ತ ಕೆಟ್ಟಿದೆ, ಹುಡುಗಿ ಹಣ್ಣಾಗಿ ಹೋಗುತ್ತಾಳೆ ಎಂದು ಆಕೆ ಒಳಗೊಳಗೇ ಕಂಗಾಲಾದಳು. ಒಂದು ದಿನ ಸೊಸೆಯ ಕೈ ಹಿಡಿದು ರಿಕ್ಷಾದಲ್ಲಿ ಕೂಡಿಸಿಕೊಂಡು ಹೆಂಗಸರ ಡಾಕ್ಟರರ ಬಳಿಗೆ ಕರೆದುಕೊಂಡು ಹೋದಳು.

ಆ ಡಾಕ್ಟರು ಮರಾಠಿ ಹೆಂಗಸು, ವಯಸ್ಸಾದವರು. ಗೋದಾಬಾಯಿ ತನ್ನ ಧಾರವಾಡಿ ಮರಾಠಿಯಲ್ಲಿ, ಕಾಯುತ್ತಿದ್ದವರಿಗೆಲ್ಲ ಕೇಳುವಂತೆ, ಈಕೆ ಎಷ್ಟು ಸಲ ಹೊರಗಾದಳು ಎಂದು ವರದಿ ಒಪ್ಪಿಸಿದಳು. ಡಾಕ್ಟರು ಅನುಜಾಳನ್ನು ಕೇಳಿದರು. ಮುಟ್ಟು ಸರಿಯಾಗಿಯೇ ಇದೆ ಎಂದಳು ಅವಳು. ಮತ್ತೆ ಹೊರಗೆ ಎಂದರೆ ಎಲ್ಲಿಂದ ಹೊರಗೆ ಎಂದು ಅವರು ಕೇಳಿದರು. ಅಷ್ಟು ದಿನಗಳಲ್ಲಿ ಆ ಪ್ರಶ್ನೆ ಯಾರೂ ಕೇಳಿರಲಿಲ್ಲ. ಅನುಜಾ ಮರಾಠಿಯಲ್ಲಿ ಎಲ್ಲವನ್ನೂ ಹೇಳಿದಳು. ತನ್ನದಲ್ಲದ ಭಾಷೆಯಲ್ಲಿ ಅದು ಸುಲಭವಾಗಿತ್ತು. ಡಾಕ್ಟರು ಪೆನ್ನು ಕೆಳಗಿಟ್ಟು ಕೇಳಿಸಿಕೊಂಡರು. ನಗಲಿಲ್ಲ. ಅದೇ ಕಟ್ಟಡದ ಮೇಲಿನ ಮಹಡಿಯಲ್ಲಿದ್ದ ಮನೋವೈದ್ಯೆಗೆ ಆಗಲೇ ಫೋನು ಮಾಡಿದರು.

ಮನೋವೈದ್ಯೆ ಹೆಸರು ಹೇಳಿದರು: ಡೀಪರ್ಸನಲೈಸೇಶನ್, ಡೀರಿಯಲೈಸೇಶನ್. ತನ್ನಿಂದ ತಾನು ಬೇರೆಯಾದಂತೆ, ಲೋಕ ನಿಜವಲ್ಲದಂತೆ ಅನಿಸುವ ತೊಂದರೆ. ಜ್ವರ, ನಿದ್ದೆಗೇಡು, ಹೆದರಿಕೆ, ಯಾವುದರ ಬೆನ್ನಿಗಾದರೂ ಬರಬಹುದು, ಕೆಲವರಿಗೆ ಕಾರಣವೇ ಸಿಗುವುದಿಲ್ಲ. ಇಂಥ ಹೆಸರೊಂದು ಇದೆ ಎಂಬುದೇ ಅನುಜಾಗೆ ವಿಸ್ಮಯ. ಹೆಸರಿದೆ ಎಂದರೆ ತನ್ನಂತೆ ಅಲ್ಲಿಗೆ ಹೋದವರು ಇನ್ನೂ ಇದ್ದಾರೆ. ಇದು ಹುಚ್ಚೇ ಎಂದು ಅವಳು ಕೇಳಿದಳು. ಹೊರಗಿದ್ದೀನಿ ಅನ್ನುತ್ತೀಯೋ, ಹೊರಗಿದ್ದ ಹಾಗೆ ಅನಿಸುತ್ತದೆ ಅನ್ನುತ್ತೀಯೋ ಎಂದು ಅವರು ತಿರುಗಿ ಕೇಳಿದರು. ಹಾಗೆ ಅನಿಸುತ್ತದೆ ಎಂದಳು. ನೀನು ಹುಚ್ಚಿಯಲ್ಲ ಎನ್ನುವುದಕ್ಕೆ ಆ "ಹಾಗೆ" ಸಾಕು, ಅದನ್ನು ಗಟ್ಟಿ ಹಿಡಿದುಕೋ ಎಂದರು. ಬೇಗ ಗುಣವಾಗುತ್ತದೆಂದು ಮಾತು ಕೊಡಲಿಲ್ಲ. ಮೊದಲು ನಿದ್ದೆಯನ್ನು ಸರಿಪಡಿಸೋಣ, ವಾರಕ್ಕೊಮ್ಮೆ ಬಂದು ಮಾತಾಡು, ಅದು ಬಂದಾಗ ಅದರೊಡನೆ ಗುದ್ದಾಡಬೇಡ. ತಣ್ಣಗಿನದೋ ಹುಳಿಯದೋ ಘಾಟಿನದೋ ಏನಾದರೊಂದನ್ನು ಮುಟ್ಟು, ಮೈಯೇ ನಿನ್ನನ್ನು ಕರೆಯಲಿ ಎಂದರು.

ಗೋದಾಬಾಯಿ ಎರಡೂ ಕೋಣೆಗಳಲ್ಲಿ ಕೂತಿದ್ದಳು, ಎರಡರಲ್ಲೂ ಅರ್ಧವೇ ಕೇಳಿದ್ದಳು. ಉಳಿದರ್ಧವನ್ನು ಅನುಜಾ ರಿಕ್ಷಾದಲ್ಲಿ ಟ್ರಾಫಿಕ್ಕಿನ ಮೇಲೆ ಕೂಗಿ ಹೇಳಬೇಕಾಯಿತು. ತಾನು ಚಹಾ ಕೊಟ್ಟ ದಿನಗಳಲ್ಲೆಲ್ಲ ಸೊಸೆ ಬೇಡಿದ್ದು ಬೇರೆ ಏನೋ ಎಂಬುದು ಆಕೆಗೆ ನಿಧಾನವಾಗಿ ತಿಳಿಯಿತು. ಆಕೆಗೆ ನಾಚಿಕೆಯಾಗಿತ್ತು.

"ನಾಳಿ ಆ ಮಶೀನ ನನಗ ಹಾಕು. ನೀ ಹೇಳಿದ್ದು ನನಗ ಪೂರಾ ಕೇಳಬೇಕು," ಎಂದಳು.

ಮರುದಿನ ಕ್ಲಿನಿಕ್ಕಿನ ಗಾಜಿನ ಕೋಣೆಯೊಳಗೆ ಗೋದಾಬಾಯಿ ಕೂತಳು, ಹೊರಗೆ ಅನುಜಾ. ಸದ್ದು ಕೇಳಿದಾಗ ಕೈಯೆತ್ತಬೇಕು. ಆಕೆ ಮಂಗಳಾರತಿಗೆ ಕೈಯೆತ್ತುವ ಭಕ್ತಿಯಿಂದ ಎತ್ತುತ್ತಿದ್ದಳು, ಇರಲಿ ಎಂದು ಸದ್ದಿಲ್ಲದಾಗಲೂ ಎತ್ತುತ್ತಿದ್ದಳು. ಅನುಜಾ ಎಲ್ಲ ಜರಡಿ ಹಿಡಿದು ಲೆಕ್ಕ ತೆಗೆದು, ಮಶೀನು ಹೊಂದಿಸಿ, ಕಿವಿಗಿಟ್ಟು ಚಾಲೂ ಮಾಡಿದಳು.

ಗೋದಾಬಾಯಿ "ಕೃಷ್ಣ" ಎಂದವಳು ಸರಕ್ಕನೆ ಹಿಂದೆ ತಿರುಗಿ ನೋಡಿದಳು. ಹಿಂದೆ ಯಾರೂ ಇರಲಿಲ್ಲ. ಗಂಟಲು ಮುಟ್ಟಿಕೊಂಡಳು. ಇದು ಯಾರ ದನಿ ಎಂದು ಕೇಳಿ, ಕೇಳಿದ ಆ ದನಿಗೂ ಬೆಚ್ಚಿದಳು. ಅನುಜಾ ತನ್ನ ಬಾಯಿಪಾಠ ಶುರುಮಾಡಿದಳು: ಸ್ವಲ್ಪ ದಿವಸ ಬೇರೆಯವರದು ಅನಿಸುತ್ತದೆ, ಮಾತಾಡುತ್ತ ಇರಿ, ಆಮೇಲೆ ನಿಮ್ಮದೇ... ಅಲ್ಲಿಗೆ ಅವಳ ಮಾತು ನಿಂತುಹೋಯಿತು. ಯಾರಿಗೆ ಹೇಳುತ್ತಿದ್ದೇನೆ ನಾನು? ಇಷ್ಟು ವರ್ಷ ಇಷ್ಟು ಜನಕ್ಕೆ ಹೇಳಿದ ಮಾತು ತನಗಾಗಿ ಇಲ್ಲೇ, ಈ ಗಾಜಿನ ಪಕ್ಕದಲ್ಲೇ ಕಾದು ಕೂತಿತ್ತಲ್ಲ!

ಗೋದಾಬಾಯಿ ಸೊಸೆಯ ಮುಖವನ್ನೇ ನೋಡುತ್ತಿದ್ದಳು.

"ನಿನಗ ಹಿಂಗ ಆಗ್ತದೇನು? ಬರೇ ದನಿಗೆ ಅಲ್ಲ, ಎಲ್ಲಾದಕ್ಕೂ?"

"ಹೌದ್ರಿ ಅತ್ತಿ."

"ಕೇತಕಿಗೂ?"

ಅನುಜಾ ಗಾಜಿನ ಚೌಕಟ್ಟು ಹಿಡಿದುಕೊಂಡಳು. "ಕೇತಕಿಗೂ," ಎಂದಳು.

ಹೇಳಿದ್ದಾಯಿತು. ಬೈಗುಳ ಬರಲಿ, ಅಳು ಬರಲಿ ಎಂದು ಅವಳು ಕಾದಳು. ಗೋದಾಬಾಯಿ ಬಾಯಿ ತೆರೆದುಕೊಂಡು, ದೇವರ ಗುಡಿಯಲ್ಲಿ ಏನೋ ಕಂಡವಳಂತೆ ಅವಳನ್ನು ನೋಡಿದಳು.

"ಅಷ್ಟು ದೂರ ಹೋಗಿ ಕೂತೂ, ದಿನಾ ಆಕಿ ಡಬ್ಬಿ ಕಟ್ಟೀಯಲ್ಲ ನೀ," ಎಂದಳು.

ಅನುಜಾ ಅತ್ತಳು. ಆ ಅಳು ಪೂರ್ತಿ ತನ್ನದು ಅನಿಸಲಿಲ್ಲ, ಆದರೆ ಹಿಂದಿನ ನಗುವಿನಷ್ಟು ದೂರದ್ದೂ ಅನಿಸಲಿಲ್ಲ. ಅಂದು ರಾತ್ರಿ ಶ್ಯಾಮನಿಗೆ ಎಲ್ಲವನ್ನೂ ಹೇಳಿದವಳು ಗೋದಾಬಾಯಿ. ಅವನು ಹೆದರಿದ, ಆಮೇಲೆ ವಾರಕ್ಕೊಮ್ಮೆ ರಜೆ ಹಾಕಿ ಹೆಂಡತಿಯನ್ನು ಮನೋವೈದ್ಯೆಯ ಹತ್ತಿರ ತಾನೇ ಕರೆದುಕೊಂಡು ಹೋಗತೊಡಗಿದ. ನಿದ್ದೆ ಮರಳಿತು. ಅದು ಬರುವುದು ನಿಲ್ಲಲಿಲ್ಲ, ಈಗಲೂ ಬರುತ್ತದೆ. ಬಂದರೆ ದಿನಗಟ್ಟಲೆ ಇರುವುದು ಮಾತ್ರ ಕಡಿಮೆಯಾಗುತ್ತ ಬಂದಿದೆ.

ಆದರೆ ಆ ದಿನಗಳಲ್ಲಿ ಕೇತಕಿಯ ಜಾಗ ಇನ್ನೂ ಮರಗಟ್ಟಿಯೇ ಇತ್ತು. ದೀಪಾವಳಿ ಕಳೆದ ಮೇಲೆ ಒಂದು ಭಾನುವಾರ ಬೆಳಿಗ್ಗೆ, ಮಗಳ ಕೂದಲು ಬಾಚುತ್ತಿದ್ದಾಗ, ಲೋಕದ ದನಿ ಮತ್ತೆ ಸಣ್ಣದಾಯಿತು. ಅನುಜಾ ಬಾಚಣಿಕೆ ಕೆಳಗಿಟ್ಟು ಎದ್ದು ಅಡುಗೆಮನೆಯ ಬಾಗಿಲಿಗೆ ಬಂದಳು.

"ಅತ್ತಿ, ಹೊರಗಿದ್ದಂಗ ಆಗೇದ."

ಈ ಸಲ ಬಾಲವೂ ಕೇಳಿತು. ಗೋದಾಬಾಯಿ ಒಲೆ ಆರಿಸಿ, ಸ್ಟೂಲು ಹತ್ತಿ, ಮೇಲಿನ ಕಪಾಟಿನಿಂದ ಉಪ್ಪಿನಕಾಯಿ ಭರಣಿಯನ್ನು ಇಳಿಸಿದಳು. ಬಾಯಿಗೆ ಕಟ್ಟಿದ್ದ ಬಿಳಿ ಬಟ್ಟೆ ಬಿಚ್ಚಿದಳು. ಅನುಜಾಳನ್ನು ನೆಲದ ಮೇಲೆ ಕೂಡಿಸಿ ಭರಣಿಯನ್ನು ಮಡಿಲಲ್ಲಿಟ್ಟಳು. ಬೇಸಿಗೆಯ ಮಾವಿನಕಾಯಿ, ವರ್ಷವಿಡೀ ಬಾಳಬೇಕಾದದ್ದು. ಹೊರಗಿದ್ದವಳ ನೆರಳು ಬಿದ್ದರೆ ಕೆಡುತ್ತದೆಂದು ಆಕೆ ಜೀವಮಾನವಿಡೀ ನಂಬಿಕೊಂಡು ಬಂದ ಭರಣಿ ಅದು. ಅನುಜಾ ಕೈ ಹಿಂದೆ ತೆಗೆದಳು.

"ಆ ಹೊರಗಿಗೆ ಆ ನೇಮ, ಈ ಹೊರಗಿಗೆ ಈ ನೇಮ," ಎಂದಳು ಗೋದಾಬಾಯಿ. "ಚಮಚಾ ಬ್ಯಾಡ. ಕೈ ಹಾಕು."

ಕೈ ಒಳಗೆ ಹೋಯಿತು. ಅಮ್ಮ ಭರಣಿಯಲ್ಲಿ ಕೈ ಹಾಕಿದ್ದಾಳೆ ಎಂಬ ಸೋಜಿಗಕ್ಕೆ ಕೇತಕಿ ಅರ್ಧ ಬಾಚಿದ ತಲೆಯಲ್ಲೇ ಓಡಿಬಂದು ಎದುರಿಗೆ ಕುಕ್ಕರಿಸಿದಳು. ಅಮ್ಮ ಒಮ್ಮೊಮ್ಮೆ ಹೊರಗೆ ಹೋಗುತ್ತಾಳೆ, ನಾವು ಕರೆಯಬೇಕು ಎಂದು ಅಜ್ಜಿ ಅವಳಿಗೆ ಹೇಳಿಟ್ಟಿದ್ದಳು. ಮಗು ಅದನ್ನು ಅನುಮಾನವಿಲ್ಲದೆ ಒಪ್ಪಿಕೊಂಡಿತ್ತು. ದೊಡ್ಡವರು ಹೊರಗೆ ಹೋಗುತ್ತಾರೆ, ಬರುತ್ತಾರೆ, ಅದರಲ್ಲೇನಿದೆ?

"ಬಂದಿ?" ಎಂದು ಕೇಳಿತು.

ಸುಳ್ಳು ಹೇಳಲು ಬಾಯಿ ಸಿದ್ಧವಾಗಿತ್ತು. ಅನುಜಾ ಬಿಡಲಿಲ್ಲ. "ಇನ್ನೂ ಇಲ್ಲ. ಬರ್ಲಿಕತ್ತೀನಿ," ಎಂದಳು.

ಕೇತಕಿ ಎಣ್ಣೆಯಾದ ಅವಳ ಮಣಿಕಟ್ಟನ್ನು ಎರಡೂ ಕೈಗಳಲ್ಲಿ ಹಿಡಿದುಕೊಂಡು, ಅಜ್ಜಿಯ ರಾಗದಲ್ಲೇ, "ಒಳಗ ಬಾ" ಎಂದಳು. ಎಂದು, ಬಸ್ಸಿಗೆ ಕಾಯುವವರಂತೆ ಸುಮ್ಮನೆ ಕಾಯುತ್ತ ಕೂತಳು. ಅನುಜಾ ಒಂದು ಹೋಳನ್ನು ಬಾಯಿಗಿಟ್ಟುಕೊಂಡಳು. ಇನ್ನೊಂದನ್ನು ಕೇತಕಿ ಕಿತ್ತುಕೊಂಡು ಕಚ್ಚಿದಳು. ಕಣ್ಣು ಕಿರಿದಾಗಿ, ಮೂಗು ಮುದುಡಿ, ಇಡೀ ಮುಖ ಹುಳಿಗೆ ಒಂದು ಮುಷ್ಟಿಯಾಯಿತು.

ಮೊದಲು ಹುಳಿ ಬಂತು. ಆಮೇಲೆ ಸಾಸಿವೆಯ ಘಾಟು ಮೂಗಿಗೆ ಬಂತು. ಬೆರಳಿನಲ್ಲಿ ಎಂದೋ ಆದ ಗೀರಿಗೆ ಉಪ್ಪು ತಾಕಿ ಉರಿ ಬಂತು, ಉರಿಯ ಹಿಂದೆ ಬೆರಳು ಬಂತು, ಬೆರಳಿನ ಹಿಂದೆ ಕೈ. ಮಣಿಕಟ್ಟಿನ ಮೇಲೆ ಪುಟ್ಟ ಬೆರಳುಗಳಿದ್ದವು, ಉಗುರು ಕಚ್ಚಿದ ಬೆರಳುಗಳು, ಬೆಚ್ಚಗೆ. ಅನುಜಾ ತಲೆಯೆತ್ತಿದಳು. ಎದುರಿನ ಮುಖ ಚಪ್ಪಟೆಯಾಗಿರಲಿಲ್ಲ. ಕಿವಿಯ ಹಿಂದಿನ ಮಚ್ಚೆ, ಅರ್ಧ ಬಾಚಿದ ಕೂದಲು, ಹುಳಿಗೆ ನೀರೂರಿದ ಕಣ್ಣು. ಹೆರಿಗೆಯ ಕೋಣೆಯಲ್ಲಿ ಮೊದಲ ಸಲ ನೋಡಿದಾಗ ಉಸಿರು ನಿಂತಿತ್ತಲ್ಲ, ಹಾಗೆಯೇ ನಿಂತಿತು. ಇದು ನನ್ನದು. ಯಾವಾಗಲೂ ನನ್ನದೇ ಆಗಿತ್ತು. ಹೇಗೆ ಇಷ್ಟು ದೊಡ್ಡದು ಇಷ್ಟು ಪುಟ್ಟ ಅಡುಗೆಮನೆಯಲ್ಲಿ ಹಿಡಿಸಿದೆ!

"ಬಂದಿ?" ಎಂದು ಕೇತಕಿ ಮತ್ತೆ ಕೇಳಿದಳು.

"ಬಂದೆ," ಎಂದಳು ಅನುಜಾ. ಆ ದನಿ ಅವಳದೇ ಆಗಿತ್ತು.